ಪಿಕಪ್‌ಗೆ ಯಾವ ಫ್ಯಾನ್? ಮೂರನ್ನೂ ಘಾಟಿ ಹತ್ತಿಸಿ ನೋಡಿದ್ದು

ಹಳೆ ಡೀಸೆಲ್ ಪಿಕಪ್‌ನಲ್ಲಿ ರೇಡಿಯೇಟರ್ ತಣ್ಣಗಿಡುವ, ಎಂಜಿನ್ ತಿರುಗಿಸುವ ಬೆಲ್ಟ್ ಫ್ಯಾನ್ ಕಿತ್ತು ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿದರೆ ಮೈಲೇಜ್ ಬರುತ್ತದೆ, ಎಂಜಿನ್ ಹಗುರಾಗುತ್ತದೆ ಎನ್ನುವವರು ಬೇಕಾದಷ್ಟು ಜನ ಇದ್ದಾರೆ. ಹಾಕಿಸಿದ ಮೇಲೆ ಘಾಟಿಯಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಮುಟ್ಟಿತು ಎನ್ನುವವರೂ ಅಷ್ಟೇ ಇದ್ದಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರು ಓಡಿಸುವ ರಸ್ತೆ ಬೇರೆ, ಹೊರುವ ಲೋಡ್ ಬೇರೆ.

ನನ್ನ ಗಾಡಿಯಲ್ಲಿ ಮೂರು ತರ ಹಾಕಿ ಓಡಿಸಿದ್ದೇನೆ. ಕಂಪನಿಯಿಂದ ಬಂದ ವಿಸ್ಕಸ್ ಕ್ಲಚ್ ಫ್ಯಾನ್ (ಇದೇ ಬೆಲ್ಟ್ ಫ್ಯಾನ್), 16 ಇಂಚಿನ ಒಂಟಿ ಎಲೆಕ್ಟ್ರಿಕ್ ಫ್ಯಾನ್, ಶ್ರೌಡ್ (ರೇಡಿಯೇಟರ್ ಪೂರ್ತಿ ಮುಚ್ಚುವ ಚೌಕಟ್ಟು) ಸಮೇತ 12 ಇಂಚಿನ ಜೋಡಿ ಫ್ಯಾನ್. ದಾರಿ ಒಂದೇ: ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿ, ಅಲ್ಲಿಂದ ಬಾಳೆಬರೆ ಘಾಟಿ ಹತ್ತಿ ಮಾಸ್ತಿಕಟ್ಟೆ. ಮೇಲೆ ಬರುವಾಗ ಹಿಂಡಿ ಚೀಲವೋ ಹೆಂಚೋ ತುಂಬಿರುತ್ತದೆ. ಸೆಕೆಂಡ್ ಗೇರ್, ಗಂಟೆಗೆ 20 ಕಿ.ಮೀ. ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಎದುರಿನಿಂದ ಗಾಳಿ ಬರುವುದೇ ಇಲ್ಲ. ಫ್ಯಾನ್ ಎಂಥದ್ದು ಅಂತ ಗೊತ್ತಾಗುವುದು ಅಲ್ಲೇ. ಹೈವೇಯಲ್ಲಿ ಗಂಟೆಗೆ 70 ದಾಟಿದರೆ ಫ್ಯಾನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಗಾಳಿ ತಾನಾಗಿ ನುಗ್ಗುತ್ತದೆ.

ಮೊದಲು ಕಂಪನಿ ಫ್ಯಾನ್. ಇದರ ಮುಂಭಾಗದಲ್ಲಿ ಎರಡು ಬೇರೆ ಲೋಹ ಬೆಸೆದು ಸುರುಳಿ ಸುತ್ತಿದ ಒಂದು ಸ್ಪ್ರಿಂಗ್ ಇರುತ್ತದೆ. ರೇಡಿಯೇಟರ್ ದಾಟಿ ಬಂದ ಗಾಳಿ ಬಿಸಿಯಾದರೆ ಅದು ತಿರುಗಿ, ಕ್ಲಚ್ ಒಳಗೆ ಸಿಲಿಕೋನ್ ಎಣ್ಣೆಗೆ ದಾರಿ ಬಿಡುತ್ತದೆ. ಆಗ ಫ್ಯಾನ್ ಎಂಜಿನ್ ಜೊತೆ ಹಿಡಿದುಕೊಂಡು ತಿರುಗುತ್ತದೆ, ಗೊರ್ ಅಂತ ಸದ್ದು ಕೇಳುತ್ತದೆ. ತಣ್ಣಗಿದ್ದಾಗ ಜಾರುತ್ತಾ ನಿಧಾನ ತಿರುಗುತ್ತದೆ. ಅಂದರೆ ಇದು ಸದಾ ಎಂಜಿನ್ ಶಕ್ತಿ ತಿನ್ನುತ್ತದೆ ಅನ್ನುವ ಮಾತು ಅರ್ಧ ಮಾತ್ರ ನಿಜ.

ತಿನ್ನುವಾಗ ಮಾತ್ರ ಚೆನ್ನಾಗಿಯೇ ತಿನ್ನುತ್ತದೆ, ಆರ್‌ಪಿಎಂ ಏರಿದಾಗ ಹಲವು ಹಾರ್ಸ್‌ಪವರ್. ಈಗ ಎಲೆಕ್ಟ್ರಿಕ್ ಫ್ಯಾನ್ ಲೆಕ್ಕ ನೋಡಿ. 12 ವೋಲ್ಟ್, 25 ಆಂಪಿಯರ್, ಗುಣಿಸಿದರೆ 300 ವ್ಯಾಟ್. ಒಂದು ಹಾರ್ಸ್‌ಪವರ್ ಅಂದರೆ 746 ವ್ಯಾಟ್. ಅರ್ಧ ಹಾರ್ಸ್‌ಪವರ್ ಕೂಡ ಇಲ್ಲ! ಉಳಿತಾಯ ಎಲ್ಲಿಂದ ಬಂತು ಅಂತ ತಿಳಿಯಿತಲ್ವಾ? ಕೆಲಸ ಕಡಿಮೆ ಮಾಡುತ್ತದೆ, ಅದಕ್ಕೇ ಊಟವೂ ಕಡಿಮೆ. ಬಯಲಿನಲ್ಲಿ ಅಷ್ಟು ಕೆಲಸ ಸಾಕು. ಲೋಡ್ ಹೊತ್ತು ಬಾಳೆಬರೆ ಹತ್ತುವಾಗ ಸಾಲದು.

ಒಂಟಿ ಫ್ಯಾನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶ್ರೌಡ್ ಇಲ್ಲದೆ, ಪ್ಲಾಸ್ಟಿಕ್ ಟೈ ಪೋಣಿಸಿ ನೇರವಾಗಿ ರೇಡಿಯೇಟರ್ ಜಾಲರಿಗೆ ಕಟ್ಟಿಕೊಟ್ಟಿದ್ದರು. ನನ್ನ ರೇಡಿಯೇಟರ್ ಫ್ಯಾನಿಗಿಂತ ಬಹಳ ದೊಡ್ಡದು. 16 ಇಂಚಿನ ಫ್ಯಾನ್ ಮುಚ್ಚುವುದು 201 ಚದರ ಇಂಚು. ಉಳಿದ ಜಾಗದಲ್ಲಿ ನಿಧಾನ ಓಡುವಾಗ ಗಾಳಿಯೇ ಆಡುವುದಿಲ್ಲ. ಡಬ್ಬದ ಮೇಲೆ ಬರೆದಿರುವ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಳೆಯುತ್ತದೆ ಎನ್ನುವ ಅಂಕಿ) ನೋಡಿ ಮೋಸ ಹೋಗಬೇಡಿ. ಸಾಮಾನ್ಯವಾಗಿ ಅದು ಎದುರಿಗೆ ಅಡ್ಡಿ ಇಲ್ಲದೆ ಅಳೆದದ್ದು, ರೇಡಿಯೇಟರ್ ಮತ್ತು ಅದರ ಮುಂದಿರುವ ಎಸಿ ಕಂಡೆನ್ಸರ್ ಜಾಲರಿ ಅಡ್ಡ ಬಂದರೆ ಆ ಅಂಕಿ ಸಿಗುವುದಿಲ್ಲ. ಘಾಟಿಯ ಅರ್ಧಕ್ಕೇ ಗಾಡಿ ನಿಲ್ಲಿಸಬೇಕಾಯಿತು. ಬಿಚ್ಚಿ ನೋಡಿದರೆ ಟೈ ಉಜ್ಜಿ ಜಾಲರಿ ಮಡಚಿಕೊಂಡಿತ್ತು. ಇನ್ನಷ್ಟು ದಿನ ಬಿಟ್ಟಿದ್ದರೆ ಟ್ಯೂಬೇ ತೂತಾಗುತ್ತಿತ್ತು.

ಜೋಡಿ ಫ್ಯಾನ್ ಕಥೆ ಬೇರೆ. ಲೆಕ್ಕಕ್ಕೆ ಎರಡೂ ಸೇರಿ 226 ಚದರ ಇಂಚು, ಒಂಟಿಗಿಂತ ಸ್ವಲ್ಪವೇ ಹೆಚ್ಚು. ಆದರೆ ಅಲ್ಯೂಮಿನಿಯಂ ಶ್ರೌಡ್ ಇರುವುದರಿಂದ ರೇಡಿಯೇಟರ್‌ನ ಮೂಲೆ ಮೂಲೆಯಿಂದ ಗಾಳಿ ಎಳೆಯುತ್ತದೆ. ಬ್ಲೇಡಿಗೂ ಜಾಲರಿಗೂ ನಡುವೆ ಜಾಗ ಬಿಟ್ಟಿರಬೇಕು, ಒತ್ತಿ ಕೂರಿಸಿದರೆ ಶ್ರೌಡ್ ಹಾಕಿಯೂ ವ್ಯರ್ಥ. ಇನ್ನೊಂದು ಸಂಗತಿ: ಹೈವೇಯಲ್ಲಿ ಇದೇ ಶ್ರೌಡ್ ಗಾಳಿಗೆ ಅಡ್ಡ ನಿಲ್ಲುತ್ತದೆ. ಅದಕ್ಕೇ ಒಳ್ಳೆಯ ಶ್ರೌಡಿನಲ್ಲಿ ರಬ್ಬರ್ ಮುಚ್ಚಳಗಳಿರುತ್ತವೆ, ಗಾಳಿ ಜೋರಾದರೆ ತೆರೆದುಕೊಳ್ಳುತ್ತವೆ.

ಹಾಕಿಸಿದ ಹೊಸದರಲ್ಲಿ ಇದೂ ಹೀಟಾಯಿತು. ಕಾರಣ ಫ್ಯಾನ್ ಅಲ್ಲ, ವೈರಿಂಗ್. ಅಂಗಡಿಯವರು ಇಗ್ನಿಷನ್‌ನಿಂದ ತೆಳು ವೈರ್ ಎಳೆದು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಕಿ ಆರಿಸುವ ಸ್ವಿಚ್) ಇಲ್ಲದೆ ಕೊಟ್ಟಿದ್ದರು. ಮೀಟರ್ ಹಿಡಿದರೆ ಬ್ಯಾಟರಿಯಲ್ಲಿ 13.8 ವೋಲ್ಟ್, ಮೋಟರ್ ಹತ್ತಿರ ಬರೀ 11.1. ಫ್ಯಾನ್ ತಿರುಗುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ, ಎಷ್ಟು ಸ್ಪೀಡಲ್ಲಿ ಅನ್ನುವುದು ಕಾಣುವುದಿಲ್ಲ. ಬ್ಯಾಟರಿಯಿಂದಲೇ 6 ಚದರ ಮಿ.ಮೀ. ವೈರ್, ಫ್ಯಾನಿಗೊಂದು ರಿಲೇ, ಒಂದೊಂದಕ್ಕೂ ಬೇರೆ ಫ್ಯೂಸ್, ಅಷ್ಟೇ ದಪ್ಪದ ಅರ್ಥ್ ವೈರ್ ಹಾಕಿಸಿದ ಮೇಲೆ ಮೋಟರ್‌ಗೆ 13.4 ಸಿಕ್ಕಿತು. ಸದ್ದೇ ಬದಲಾಯಿತು.

ಸೆನ್ಸರ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎಂಜಿನ್ ನೀರನ್ನು ರೇಡಿಯೇಟರ್‌ಗೆ ಬಿಡುವ ನನ್ನ ಥರ್ಮೋಸ್ಟಾಟ್ 82 ಡಿಗ್ರಿಗೆ ತೆರೆಯುತ್ತದೆ. ಎಂಜಿನ್‌ನಿಂದ ನೀರು ಹೊರಬರುವ ಕಡೆ ಸೆನ್ಸರ್ ಇಟ್ಟು 75ಕ್ಕೆ ಸೆಟ್ ಮಾಡಿದರೆ ಫ್ಯಾನ್ ನಿಲ್ಲುವುದೇ ಇಲ್ಲ, ಸುಮ್ನೆ ಕರೆಂಟ್ ದಂಡ. 92ಕ್ಕೆ ಶುರು, 86ಕ್ಕೆ ಬಂದ್ ಎಂದು ಇಟ್ಟುಕೊಂಡೆ. ಜಾಲರಿಗೆ ಚುಚ್ಚುವ ಸೆನ್ಸರ್ ನನಗೆ ಹಿಡಿಸಲಿಲ್ಲ, ನೀರು ಬಿಸಿಯಾಗಿ ಎಷ್ಟೋ ಹೊತ್ತಿನ ಮೇಲೆ ಅದಕ್ಕೆ ಎಚ್ಚರವಾಗುತ್ತದೆ.

ಇಷ್ಟೆಲ್ಲ ಸರಿ ಮಾಡಿದ ಮೇಲೆ ಖಾಲಿ ಗಾಡಿಯಲ್ಲಿ ಘಾಟಿ ಆರಾಮಾಗಿ ಹತ್ತಿತು. ಅರ್ಧ ಲೋಡಿಗೂ ತೊಂದರೆ ಇಲ್ಲ. ಏಪ್ರಿಲ್ ಮಧ್ಯಾಹ್ನ ಪೂರ್ತಿ ಲೋಡ್ ಹಾಕಿದರೆ ಮಾತ್ರ ಮುಳ್ಳು ಮೆಲ್ಲಗೆ ಏರುತ್ತಲೇ ಹೋಯಿತು. ಅದೇ ಲೋಡ್, ಅದೇ ಬಿಸಿಲಲ್ಲಿ ಹೊಸ ಕ್ಲಚ್ ಹಾಕಿದ ಕಂಪನಿ ಫ್ಯಾನ್ ಗರ್ಜಿಸಿಕೊಂಡು ಮುಳ್ಳನ್ನು ಮಧ್ಯದಿಂದ ಸ್ವಲ್ಪ ಮೇಲೆ ಹಿಡಿದು ನಿಲ್ಲಿಸಿತು.

ಜೋಡಿ ಫ್ಯಾನ್ ಗೆದ್ದ ಜಾಗಗಳೂ ಇವೆ. ಪೇಟೆ ಟ್ರಾಫಿಕ್ಕಿನಲ್ಲಿ ಎಸಿ ಹಾಕಿ ನಿಂತಾಗ ಎಂಜಿನ್ ಆರ್‌ಪಿಎಂ ಕಡಿಮೆ, ಬೆಲ್ಟ್ ಫ್ಯಾನ್ ಸೋಮಾರಿಯಾಗುತ್ತದೆ. ಎಲೆಕ್ಟ್ರಿಕ್‌ಗೆ ಆ ಲೆಕ್ಕ ಇಲ್ಲ. ಮಳೆಗಾಲದಲ್ಲಿ ರಸ್ತೆ ಮೇಲೆ ನೀರು ನಿಂತಿದ್ದರೆ ಸ್ವಿಚ್ ಆರಿಸಿ ದಾಟಬಹುದು. ಬೆಲ್ಟ್ ಫ್ಯಾನ್ ನೀರಿಗೆ ಹೊಡೆದರೆ ಬ್ಲೇಡ್ ಬಾಗಿ ರೇಡಿಯೇಟರ್‌ಗೆ ತಾಗುವ ಭಯ. ಆದರೆ ಅದೇ ಟ್ರಾಫಿಕ್ಕಿನಲ್ಲಿ ರಾತ್ರಿ, ಹೆಡ್‌ಲೈಟ್, ವೈಪರ್, ಬ್ಲೋವರ್ ಜೊತೆ ಎರಡು ಫ್ಯಾನ್ ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಹಳೆ ಆಲ್ಟರ್ನೇಟರ್ ಐಡ್ಲಿಂಗ್‌ನಲ್ಲಿ ತಡೆಯುವುದಿಲ್ಲ, ಬ್ಯಾಟರಿ ಇಳಿಯುತ್ತದೆ. ಎಂಜಿನ್ ಆಫ್ ಮಾಡಿದ ಮೇಲೂ ಫ್ಯಾನ್ ಓಡುತ್ತದೆ ಎನ್ನುವುದನ್ನು ದೊಡ್ಡ ಲಾಭ ಅಂತ ಹೇಳುತ್ತಾರೆ. ಆದರೆ ವಾಟರ್ ಪಂಪ್ ನಿಂತಿರುವಾಗ ರೇಡಿಯೇಟರ್ ನೀರಷ್ಟೇ ತಣ್ಣಗಾಗುತ್ತದೆ, ಎಂಜಿನ್ ಅಲ್ಲ. ಘಾಟಿ ಹತ್ತಿದ ಮೇಲೆ ಸ್ವಲ್ಪ ಹೊತ್ತು ಐಡ್ಲಿಂಗ್ ಬಿಡುವುದೇ ಎಂಜಿನ್‌ಗೂ ಟರ್ಬೋಗೂ ಒಳ್ಳೆಯದು.

ಮೈಲೇಜ್? ಉಡುಪಿ ಕಡೆಯ ಬಯಲು ಹೈವೇಯಲ್ಲಿ ಸ್ವಲ್ಪ ಸುಧಾರಿಸಿದ ಹಾಗೆ ಕಂಡಿತು. ಕಾಲು ಹಗುರ ಮಾಡಿದರೂ ಅಷ್ಟು ಬರುತ್ತದೆ.

ಈಗ ಗಾಡಿಯಲ್ಲಿರುವುದು ಕಂಪನಿ ಫ್ಯಾನ್, ಹೊಸ ಕ್ಲಚ್, ಜೊತೆಗೆ ಕಂಡೆನ್ಸರ್ ಮುಂದೆ ಎಸಿಗೆಂದು ಒಂದು ಸಣ್ಣ ಎಲೆಕ್ಟ್ರಿಕ್ ಫ್ಯಾನ್. ಕ್ಲಚ್‌ಗೆ ಜೋಡಿ ಫ್ಯಾನ್ ಖರ್ಚಿನ ಅರ್ಧವೂ ಆಗಲಿಲ್ಲ. ಜೋಡಿ ಫ್ಯಾನನ್ನು ಮಲ್ಪೆಯಿಂದ ಮೀನು ಸಾಗಿಸುವ ಸ್ನೇಹಿತರು ಕೊಂಡರು. ಅವರದು ಬರೀ ಬಯಲು ದಾರಿ, ಖುಷಿಯಾಗಿದ್ದಾರೆ.

ನೀವು ಆಗಲೇ ಎಲೆಕ್ಟ್ರಿಕ್ ಹಾಕಿಸಿ ಹೀಟ್ ಸಮಸ್ಯೆ ಇದ್ದರೆ ಮೊದಲು ಗ್ರಿಲ್ ಮುಂದೆ ನ್ಯೂಸ್‌ಪೇಪರ್ ಹಾಳೆ ಹಿಡಿಯಿರಿ. ಒಳಗೆ ಎಳೆದು ಅಂಟಿಕೊಳ್ಳಬೇಕು. ಹೊರಗೆ ಹಾರಿದರೆ ವೈರ್ ಉಲ್ಟಾ ಆಗಿದೆ. ಆಮೇಲೆ ಮೋಟರ್ ಹತ್ತಿರ ವೋಲ್ಟ್ ಅಳೆಯಿರಿ. ನಿಧಾನ ಓಡುವಾಗ ತಣ್ಣಗಿದ್ದು ಹೈವೇಯಲ್ಲಿ ಹೀಟಾಗುತ್ತಿದ್ದರೆ ಫ್ಯಾನನ್ನು ಬೈಯಬೇಡಿ. ಬೋರ್ ನೀರಿನ ಉಪ್ಪು ಕಟ್ಟಿದ ರೇಡಿಯೇಟರ್, ಥರ್ಮೋಸ್ಟಾಟ್, ಪ್ರೆಶರ್ ಹಿಡಿಯದ ಕ್ಯಾಪ್, ಕಂಡೆನ್ಸರ್ ಹಿಂದೆ ತುಂಬಿದ ಕೆಸರು, ಇವನ್ನು ನೋಡಿ. ಇದೆಲ್ಲ ಸರಿ ಇದ್ದೂ ಲೋಡ್ ಹೊತ್ತಾಗ ಮಾತ್ರ ಘಾಟಿಯಲ್ಲಿ ಹೀಟಾದರೆ, ಹಳೆ ಫ್ಯಾನ್ ಇನ್ನೂ ಗುಜರಿಗೆ ಹೋಗಿಲ್ಲ ತಾನೇ? ತೆಗೆದು ಕ್ಲಚ್ ಬದಲಿಸಿ ವಾಪಸ್ ಹಾಕಿಸಿ.