ಹಳೇ ಸಿಟಿ ವಿಟೆಕ್‌ಗೆ ಎಂಜಿನ್ ಕೆಲಸ: ಬಳ್ಳಾರಿ ಬಿಸಿಲಲ್ಲಿ 3 ವರ್ಷ, 41,000 ಕಿ.ಮೀ.

ನನ್ನದು 2001ರ ಹೋಂಡಾ ಸಿಟಿ 1.5 ವಿಟೆಕ್. ನಾಲ್ಕು ಬಾಗಿಲಿವೆ, ಹಿಂದೆ ದೊಡ್ಡ ಡಿಕ್ಕಿಯೂ ಇದೆ. ಆದರೂ ನಮ್ಮ ವಯಸ್ಸಿನವರಿಗೆ ಸ್ಪೋರ್ಟ್ಸ್ ಕಾರು ಅಂದರೆ ಇದೇ. 1,493 ಸಿಸಿಗೆ 106 ಕುದುರೆ ಶಕ್ತಿ, ಆ ಕಾಲಕ್ಕೆ ಸುಮ್ನೆ ಮಾತಲ್ಲ.

ನನ್ನ ಕೈಗೆ ಬರುವಷ್ಟರಲ್ಲಿ ಅರ್ಧ ಕುದುರೆ ಓಡಿಹೋಗಿದ್ದವು. ಸಂಡೂರಿನ ಏರಿನಲ್ಲಿ ಅದಿರು ಲಾರಿಯನ್ನು ದಾಟಬೇಕಾದರೆ ಅಲ್ಲಿನ ಕುಮಾರಸ್ವಾಮಿ ದೇವರನ್ನೇ ನೆನೆಯಬೇಕಿತ್ತು. ನೀಲಿ ಹೊಗೆ ಬೇರೆ. ಸಾವಿರ ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಕುಡಿಯುತ್ತಿತ್ತು.

ಮೊದಲು ಬೆಂಗಳೂರಿನ ಗುಜರಿಯಲ್ಲಿ ಜಪಾನಿನಿಂದ ಬಂದ ದೊಡ್ಡ ಎಂಜಿನ್ ನೋಡಿದೆ. ಆಸೆಯಾಯಿತು. ಆದರೆ ಅದು ಎಷ್ಟು ಓಡಿದೆ ಅಂತ ಮಾರುವವನಿಗೇ ಗೊತ್ತಿರಲಿಲ್ಲ. ಎಂಜಿನ್ ನಂಬರ್ ಬದಲಾದರೆ ಆರ್‌ಸಿ, ಇನ್ಶೂರೆನ್ಸ್ ಎಲ್ಲದಕ್ಕೂ ಓಡಾಟ. ಕೈಬಿಟ್ಟು, ಇದ್ದ ಎಂಜಿನ್ನನ್ನೇ ಬಳ್ಳಾರಿಯಲ್ಲಿ ಇಳಿಸಿದೆ.

ಇಳಿಸುವ ಮೊದಲು ಕಂಪ್ರೆಷನ್, ಅಂದರೆ ಒಂದೊಂದು ಸಿಲಿಂಡರಿನಲ್ಲೂ ಎಷ್ಟು ಒತ್ತಡ ಕಟ್ಟುತ್ತದೆ ಅಂತ ನೋಡಿದರು: 120, 115, 85, 110 ಪಿಎಸ್‌ಐ. ಮೂರನೇ ಸಿಲಿಂಡರ್ ಸತ್ತ ಹಾಗೆಯೇ. ಹೆಡ್ (ಎಂಜಿನ್ನಿನ ಮೇಲ್ಭಾಗ) ತೆಗೆದಾಗ ಲೈನರ್, ಅಂದರೆ ಸಿಲಿಂಡರಿನ ಒಳಗೋಡೆ ತುಂಬ ಉದ್ದುದ್ದ ಗೀರು. ಮಿಸ್ತ್ರಿ ಬಗ್ಗಿ ನೋಡಿ, "ಎಂಜಿನ್ ಮಣ್ಣು ತಿಂದೈತೆ ಸಾರ್" ಅಂದರು. ಹಳೇ ಮಾಲೀಕ ಶಬ್ದ ಚೆನ್ನಾಗಿ ಬರಲಿ ಅಂತ ಡಬ್ಬಿ ತೆಗೆಸಿ ಬಯಲಿಗಿರುವ ಕೋನ್ ಏರ್ ಫಿಲ್ಟರ್ ಹಾಕಿಸಿದ್ದ. ನಮ್ಮೂರಿನ ಕೆಂಪು ಧೂಳು ಅದರೊಳಗಿಂದ ಸಲೀಸಾಗಿ ನುಗ್ಗಿತ್ತು. ಈಗ ಕಂಪನಿಯ ಡಬ್ಬಿಯಲ್ಲೇ ಮಾಮೂಲಿ ಪೇಪರ್ ಫಿಲ್ಟರ್. 5,000 ಕಿ.ಮೀ.ಗೆ ಬದಲಾಯಿಸುತ್ತೇನೆ. ತೆಗೆದಾಗಲೆಲ್ಲ ಇಟ್ಟಿಗೆ ಪುಡಿಯಲ್ಲಿ ಹೊರಳಾಡಿದ ಹಾಗಿರುತ್ತದೆ.

ಬೋರ್ ಮಾಡಿಸಿದರೆ, ಅಂದರೆ ಸಿಲಿಂಡರ್ ಕೊರೆಸಿ ಅಗಲ ಮಾಡಿಸಿದರೆ, ಪವರ್ ಜಾಸ್ತಿ ಆಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ನೋಡಿ. ಇದರ ಬೋರ್ (ಸಿಲಿಂಡರಿನ ಅಗಲ) 75 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 84.5. ನಾನು 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿಸಿದೆ. 1,493 ಸಿಸಿ ಹೋಗಿ 1,513 ಆಯಿತು. ಇಪ್ಪತ್ತು ಸಿಸಿ! ನಾಲ್ಕು ಸಣ್ಣ ಚಮಚ ಸಾರಿನಷ್ಟು ಅನ್ನಿ. ನನಗೆ ಸಿಕ್ಕಿದ್ದು ಹೊಸ ಪವರ್ ಅಲ್ಲ, ಸೋರಿಹೋಗಿದ್ದ ಹಳೇ ಪವರ್. ಆದರೆ ಅದು ವಾಪಸ್ ಬಂದಾಗ ಹೊಸ ಕಾರಿನ ಹಾಗೇ ಅನ್ನಿಸಿತು, ಅದು ನಿಜ.

ವಿಟೆಕ್ ಮಾತ್ರ ಆಗಲೂ ಏಳಲಿಲ್ಲ. 5,000 ಆರ್‌ಪಿಎಂ ಆಸುಪಾಸಿನಲ್ಲಿ ಬರಬೇಕಾದ ಆ ಎರಡನೇ ಉಸಿರು ಇಲ್ಲವೇ ಇಲ್ಲ. ಅದು ನಡೆಯುವುದು ಆಯಿಲ್ ಪ್ರೆಷರ್ ಮೇಲೆ. ಪ್ರೆಷರ್ ಬಂದಾಗ ರಾಕರ್ ಒಳಗಿನ ಪಿನ್ ಸರಿದು, ವಾಲ್ವ್‌ಗಳನ್ನು ಹೆಚ್ಚು ತೆರೆಯುವ ದೊಡ್ಡ ಕ್ಯಾಮ್ ಕೆಲಸ ಹಿಡಿಯುತ್ತದೆ. ಹುಡುಕಿದರೆ ಆ ಆಯಿಲ್ ಬಿಡುವ ಸಾಲಿನಾಯ್ಡ್ (ಕರೆಂಟಿನ ವಾಲ್ವ್) ಬುಡದ ಉಗುರಗಲದ ಜಾಲರಿಯಲ್ಲಿ ಕರಿ ಕೆಸರು ಕಟ್ಟಿತ್ತು. ಪೆಟ್ರೋಲಿನಲ್ಲಿ ತೊಳೆದು ಹಾಕಿದರು. ಇಡೀ ಕೆಲಸದಲ್ಲಿ ಅತಿ ಅಗ್ಗದ ರಿಪೇರಿ, ಅತಿ ಹೆಚ್ಚು ಖುಷಿ ಕೊಟ್ಟಿದ್ದೂ ಅದೇ.

ನನ್ನ ತಪ್ಪು ಒಂದಿದೆ. ಚಪಲಕ್ಕೆ ಕಂಪನಿಯ ಎಕ್ಸಾಸ್ಟ್ ಮ್ಯಾನಿಫೋಲ್ಡ್ ತೆಗೆಸಿ 4-2-1 ಹೆಡರ್ (ನಾಲ್ಕು ಪೈಪು ಎರಡಾಗಿ, ಆಮೇಲೆ ಒಂದಾಗುವ ಎಕ್ಸಾಸ್ಟ್) ಹಾಕಿಸಿದೆ. ಈ ಎಂಜಿನ್ನಿಗೆ ಎಕ್ಸಾಸ್ಟ್ ಇರುವುದು ಮುಂದೆ, ರೇಡಿಯೇಟರ್ ಬೆನ್ನಿಗೇ. ಹೆಡರ್ ಬಂದ ಮೇಲೆ ಹೀಟ್ ಶೀಲ್ಡ್ ಹೋಯಿತು. ಮೇ ತಿಂಗಳಲ್ಲಿ ಎಸಿ ಹಾಕಿಕೊಂಡು ರಾಯಲ್ ಸರ್ಕಲ್ ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೆ ಹತ್ತುತ್ತಿತ್ತು. ಹಳೇ ಮ್ಯಾನಿಫೋಲ್ಡೇ ವಾಪಸ್ ಬಂತು. ರೇಡಿಯೇಟರ್ ಕೋರ್ ಹೊಸದು ಹಾಕಿಸಿದೆ. 42 ಡಿಗ್ರಿಯಲ್ಲೂ ಈಗ ಮುಳ್ಳು ಅರ್ಧಕ್ಕಿಂತ ಕೆಳಗೇ.

ಗ್ಯಾರೇಜಿನ ತಪ್ಪೂ ಒಂದಿದೆ. ಹೆಡ್ ಫೇಸಿಂಗ್ (ಹೆಡ್ಡಿನ ಅಡಿಯನ್ನು ಸಮತಟ್ಟಾಗಿ ಹೆರೆಯುವುದು) ಮಾಡಿದ್ದೇವೆ ಅಂದಿದ್ದರು, ಮಾಡಿರಲಿಲ್ಲ. 3,000 ಕಿ.ಮೀ. ಆದ ಮೇಲೆ ಕೂಲೆಂಟ್ ಕಡಿಮೆಯಾಗತೊಡಗಿತು. ಮತ್ತೆ ಬಿಚ್ಚಿದಾಗ ಗ್ಯಾಸ್ಕೆಟ್ ಹೋಗಿತ್ತು. ಅರ್ಧ ಕೂಲಿ ನಾನೇ ಕೊಟ್ಟೆ. ಅದರ ಸಿಟ್ಟು ಇನ್ನೂ ಇಳಿದಿಲ್ಲ. ನೀವು ಮಾಡಿಸುವುದಾದರೆ ಲೇತ್ ಅಂಗಡಿಗೆ ಹೆಡ್ ಜೊತೆ ನೀವೂ ಹೋಗಿ, ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತುಬಿಡಿ. ಎಂಜಿನ್ ಹೇಗೂ ಕೆಳಗಿರುವಾಗ ಟೈಮಿಂಗ್ ಬೆಲ್ಟ್ ಜೊತೆ ವಾಟರ್ ಪಂಪನ್ನೂ ಬದಲಾಯಿಸಿ. ಅದನ್ನು ತಿರುಗಿಸುವುದೂ ಅದೇ ಬೆಲ್ಟ್.

ಒಟ್ಟು ಖರ್ಚು 1.18 ಲಕ್ಷ. ಪಿಸ್ಟನ್ ಬರುವುದಕ್ಕೇ ಏಳು ವಾರ ಕಾದೆ. ಕಳೆದ ತಿಂಗಳು ನೋಡಿದಾಗ ಕಂಪ್ರೆಷನ್ ನಾಲ್ಕರಲ್ಲೂ 170ರ ಮೇಲಿತ್ತು. ಊರಲ್ಲಿ 11, ಹೊಸಪೇಟೆ ಹೈವೇಯಲ್ಲಿ 15 ಮೈಲೇಜ್. ಆಯಿಲ್ ಬದಲಾಯಿಸುವ ನಡುವೆ ಮೇಲೆ ಸುರಿಯುವ ಕೆಲಸವೇ ಇಲ್ಲ. ಸಂಡೂರಿನ ಏರಿನಲ್ಲಿ ಕುಮಾರಸ್ವಾಮಿಗೆ ಈಗ ನನ್ನ ಕಡೆಯಿಂದ ತೊಂದರೆಯಿಲ್ಲ.

ಎರಡನೇ ಗೇರ್ ಮಾತ್ರ ಬೆಳಿಗ್ಗೆ ಬೆಳಿಗ್ಗೆ ಗರ್ ಅನ್ನಲು ಶುರು ಮಾಡಿದೆ. ಮಿಸ್ತ್ರಿಗೆ ಹೇಳಿದ್ದೇನೆ, ಮನೆಯಲ್ಲಿ ಇನ್ನೂ ಹೇಳಿಲ್ಲ.