ಮೈಕ್ರೋಫೈಬರ್ ಡುವೆ: ಒಗೆತಕ್ಕೆ ಎಷ್ಟು ತಡೆಯುತ್ತದೆ?

ಅಂಗಡಿಯಲ್ಲಿ ಮುಟ್ಟಿ ನೋಡಿದರೆ ಎಲ್ಲ ಡುವೆಗಳೂ (ಒಳಗೆ ಎಳೆಯೋ ಪುಕ್ಕವೋ ತುಂಬಿದ, ಮೇಲೆ ಕವರ್ ಹಾಕಿ ಹೊದೆಯುವ ದಪ್ಪ ಹೊದಿಕೆಗಳು) ಮೆತ್ತಗೇ ಇರುತ್ತವೆ. ಅಸಲಿ ಗುಣ ಗೊತ್ತಾಗುವುದು ಒಂದು ಸಲ ಒಗೆದು ಒಣಗಿಸಿದ ಮೇಲೆ. ಹತ್ತಿ ಅಥವಾ ಪಾಲಿಯೆಸ್ಟರ್ ಮೇಲ್ಬಟ್ಟೆಯೊಳಗೆ ಮೈಕ್ರೋಫೈಬರ್, ಅಂದರೆ ಪಾಲಿಯೆಸ್ಟರಿನ ಬಲು ಸಣ್ಣ ಎಳೆಗಳನ್ನು, ತುಂಬಿದ, ‘ಮೆಷಿನ್‌ನಲ್ಲಿ ಒಗೆಯಬಹುದು’ ಎಂದು ಚೀಟಿ ಹಚ್ಚಿದ ಡುವೆಗಳನ್ನು ಇಲ್ಲಿ ಒಗೆತದ ಲೆಕ್ಕದಲ್ಲೇ ತೂಗಿದ್ದೇವೆ.

ಮೊದಲು ಹೊಲಿಗೆ. ಡುವೆ ಉಳಿಯುವುದೂ ಕೆಡುವುದೂ ಇದರಿಂದಲೇ. ಮೈತುಂಬ ಚಿಕ್ಕ ಚೌಕಳಿ ಹೊಲಿಗೆಯಿದ್ದರೆ ಫೈಬರ್ ತನ್ನ ಮನೆ ಬಿಟ್ಟು ಕದಲುವುದಿಲ್ಲ. ಬರೀ ಉದ್ದುದ್ದ ಪಟ್ಟಿಗಳಿದ್ದರೆ ಒದ್ದೆಯಾದಾಗ ಅದು ಒಂದು ತುದಿಗೆ ಜಾರುತ್ತದೆ. ಅಂಚು ಮಾತ್ರ ಹೊಲಿದದ್ದಾದರೆ ಮೊದಲ ಒಗೆತಕ್ಕೇ ನಡುವೆ ಖಾಲಿ ಚೀಲ, ಕೆಳಗೆ ಗಂಟು. ಕೊಳ್ಳುವಾಗ ಒಂದು ಅಂಚು ಹಿಡಿದು ಎರಡು ಸಲ ಜೋರಾಗಿ ಕೊಡವಿ, ಬೆಳಕಿಗೆ ಹಿಡಿದು ನೋಡಿ. ಅಲ್ಲಲ್ಲಿ ತೆಳುವಾಗಿ ಕಂಡರೆ ಅಲ್ಲೇ ಬಿಟ್ಟುಬನ್ನಿ.

ಇನ್ನು ಆ ಚೀಟಿ. ಬಟ್ಟೆ ತಡೆಯುತ್ತದೆ ಎಂದಷ್ಟೇ ಅದು ಹೇಳುತ್ತದೆ, ನಿಮ್ಮ ಮೆಷಿನ್ ತಡೆಯುತ್ತದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ. ಎರಡು ಕಿಲೋ ತೂಗುವ ಡುವೆ ಏಳು ಕಿಲೋ ಮೆಷಿನ್‌ಗೆ ತೂಕದಲ್ಲಿ ಏನೇನೂ ಅಲ್ಲ, ಆದರೆ ಗಾತ್ರದಲ್ಲಿ ಡ್ರಮ್ಮನ್ನೇ ನುಂಗಿಬಿಡುತ್ತದೆ. ಒಣಗಿರುವಾಗಲೇ ಒಳಗಿಟ್ಟು ನೋಡಿ: ಮೇಲೆ ಅಂಗೈ ಅಡ್ಡ ಹಿಡಿದು ತೂರಿಸುವಷ್ಟು ಜಾಗ ಉಳಿಯಬೇಕು. ಉಳಿಯದಿದ್ದರೆ ನೀರು ನಡುವಿನ ಪದರಕ್ಕೆ ಹೋಗುವುದಿಲ್ಲ, ಹೋದ ಸೋಪು ಹೊರಗೆ ಬರುವುದಿಲ್ಲ, ಸ್ಪಿನ್‌ನಲ್ಲಿ ಭಾರ ಒಂದೇ ಕಡೆ ಕೂತು ಮೆಷಿನ್ ಕುಣಿಯುತ್ತದೆ. ಡಬಲ್ ಅಳತೆಯದ್ದಕ್ಕೆ ದೊಡ್ಡ ಫ್ರಂಟ್ ಲೋಡ್ ಮೆಷಿನ್ ಬೇಕು. ನಡುವೆ ಕಂಬವಿರುವ ಟಾಪ್ ಲೋಡ್ ಬೇಡವೇ ಬೇಡ, ಡುವೆ ಅದಕ್ಕೆ ಸುತ್ತಿಕೊಂಡು ಹೊಲಿಗೆ ಹರಿಯುತ್ತದೆ. ಕಂಬವಿಲ್ಲದ ಟಾಪ್ ಲೋಡ್‌ನಲ್ಲೂ ಒಳಗಿನ ಗಾಳಿಯಿಂದ ಡುವೆ ಉಬ್ಬಿ ಮೇಲೆ ತೇಲುತ್ತದೆ, ಅರ್ಧ ಮೈ ಒಣಗಿಯೇ ಉಳಿಯುತ್ತದೆ.

ಒಗೆಯುವ ಕೆಲಸ ಸುಲಭ. ಕವರ್ ಬಿಚ್ಚಿ, ಬಿಟ್ಟುಕೊಂಡ ಹೊಲಿಗೆ ಎಲ್ಲಾದರೂ ಇದ್ದರೆ ಮೊದಲು ಹಾಕಿಬಿಡಿ, ಇಲ್ಲದಿದ್ದರೆ ಅದೇ ತೂತಿನಿಂದ ಫೈಬರ್ ಹೊರಬಂದು ಮೆಷಿನ್ನಿನ ಫಿಲ್ಟರ್ ಸೇರುತ್ತದೆ. ಕುತ್ತಿಗೆ ತಾಗುವ ಅಂಚಿನಲ್ಲಿ ಬೆವರಿನ ಹಳದಿ ಕಲೆಯಿದ್ದರೆ ಆ ಭಾಗವನ್ನಷ್ಟೇ 40 ಡಿಗ್ರಿ ನೀರಿನಲ್ಲಿ ಆಕ್ಸಿಜನ್ ಬ್ಲೀಚ್ (ಕ್ಲೋರಿನ್ ಇಲ್ಲದ, ಕಲೆ ತೆಗೆಯುವ ಪುಡಿ) ಕರಗಿಸಿ ಅರ್ಧ ಗಂಟೆ ನೆನೆಸಿ. ತಣ್ಣೀರಿನಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಸೋಪು ದ್ರವರೂಪದ್ದೇ ಇರಲಿ, ದಿನದ ಬಟ್ಟೆಗೆ ಹಾಕುವ ಅರ್ಧದಷ್ಟು ಸಾಕು. ಪುಡಿಯಾದರೆ ಕರಗದೆ ಪದರದೊಳಗೆ ಕೂತು, ಒಣಗಿದ ಮೇಲೆ ಬಿಳಿ ಗೆರೆಯಾಗಿ ಏಳುತ್ತದೆ. ಫ್ಯಾಬ್ರಿಕ್ ಸಾಫ್ಟನರ್ ಹಾಕಬೇಡಿ. ಅದು ಎಳೆಗಳ ಮೇಲೆ ಪದರ ಕಟ್ಟುತ್ತದೆ, ಎಳೆಗಳು ಅಂಟಿಕೊಂಡು ಡುವೆ ಚಪ್ಪಟೆಯಾಗುತ್ತದೆ. ನಾಜೂಕು ಪ್ರೋಗ್ರಾಂ, 40 ಡಿಗ್ರಿ, ನಿಮಿಷಕ್ಕೆ 800 ಸುತ್ತು ಮೀರದ ಸ್ಪಿನ್, ಕೊನೆಗೆ ಹೆಚ್ಚಿಗೆ ಒಂದು ಸಲ ಜಾಲಿಸುವುದು. ತೆಗೆದ ಮೇಲೆ ಒಂದು ಮೂಲೆ ಹಿಂಡಿ ನೋಡಿ. ನೊರೆ ಬಂದರೆ, ಕೈಗೆ ಜಾರಿದಂತಾದರೆ ಇನ್ನೊಮ್ಮೆ ಜಾಲಿಸಿ.

ಧೂಳಿನ ಅಲರ್ಜಿ ಇರುವವರು ಇಲ್ಲೊಂದು ವಿಷಯ ಗಮನಿಸಬೇಕು. ಹಾಸಿಗೆ ಹೊದಿಕೆಗಳಲ್ಲಿ ಸೇರುವ ಧೂಳುಹುಳಗಳು ಸಾಯಲು 60 ಡಿಗ್ರಿ ನೀರು ಬೇಕು. ಚೀಟಿಯ ತೊಟ್ಟಿ ಗುರುತಿನೊಳಗೆ 40 ಎಂದಷ್ಟೇ ಇರುವ ಡುವೆ ಅಂಥವರಿಗೆ ಪ್ರಯೋಜನವಿಲ್ಲ. 60 ಎಂದಿರುವುದನ್ನೇ ಹುಡುಕಿ ಕೊಳ್ಳಿ.

ಒದ್ದೆ ಡುವೆಯನ್ನು ಒಂದು ತುದಿ ಹಿಡಿದು ಎಳೆಯಬಾರದು. ನೀರಿನ ಭಾರವೆಲ್ಲ ಹೊಲಿಗೆಯ ಮೇಲೆ ಬೀಳುತ್ತದೆ. ಎರಡೂ ಕೈ ಕೆಳಗೆ ಹಾಕಿ, ಮಗುವನ್ನು ಎತ್ತುವ ಹಾಗೆ ಎತ್ತಿ.

ಎಲ್ಲರೂ ಎಡವುವುದು ಒಣಗಿಸುವಲ್ಲಿ. ಡ್ರೈಯರ್ ಇದ್ದರೆ ಕಡಿಮೆ ಬಿಸಿ, ಜೊತೆಗೆ ಎರಡು ಮೂರು ಶುಭ್ರ ಟೆನಿಸ್ ಚೆಂಡು. ಅರ್ಧ ಗಂಟೆಗೊಮ್ಮೆ ಹೊರತೆಗೆದು ಕೊಡವಿ, ಮಗುಚಿ ಹಾಕಿ. ಬೇಗ ಮುಗಿಯಲಿ ಎಂದು ಬಿಸಿ ಏರಿಸಿದರೆ ಪಾಲಿಯೆಸ್ಟರ್ ಎಳೆಗಳು ಮೆತ್ತಗಾಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಆ ಗಂಟು ಮತ್ತೆ ಬಿಡುವುದಿಲ್ಲ. ಬಿಸಿಲಿಗೆ ಹಾಕುವುದಾದರೆ ಒಂದೇ ಹಗ್ಗಕ್ಕೆ ನೇತುಹಾಕದೆ, ಅಕ್ಕಪಕ್ಕದ ಎರಡು ಮೂರು ಹಗ್ಗಗಳ ಮೇಲೆ ಅಡ್ಡಲಾಗಿ ಹರಡಿ, ಗಂಟೆಗೊಮ್ಮೆ ತಿರುಗಿಸುತ್ತ ಚೌಕಳಿಗಳನ್ನು ಬೆರಳಲ್ಲಿ ಬಿಡಿಸುತ್ತಾ ಬನ್ನಿ. ಮೇಲ್ಬಟ್ಟೆ ಮೊದಲೇ ಒಣಗಿ ಮೋಸ ಮಾಡುತ್ತದೆ. ದಪ್ಪನೆಯ ಒಂದು ಚೌಕವನ್ನು ಎರಡು ಅಂಗೈ ನಡುವೆ ಒತ್ತಿ ಅರ್ಧ ನಿಮಿಷ ಹಿಡಿಯಿರಿ, ಒಳಗಿನಿಂದ ತಂಪು ಬಂದರೆ ಇನ್ನೂ ಹಸಿಯಿದೆ ಎಂದರ್ಥ. ಡ್ರೈಯರ್‌ನಿಂದ ತೆಗೆದದ್ದನ್ನು ಆರಿದ ಮೇಲೆಯೇ ಹೀಗೆ ನೋಡಬೇಕು. ಹಸಿ ಇರುವಾಗಲೇ ಮಡಿಚಿಟ್ಟರೆ ಮುಗ್ಗಲು ವಾಸನೆ ಖಂಡಿತ.

ಬಾತುಕೋಳಿಯ ಪುಕ್ಕ ತುಂಬಿದ ಡುವೆಗೆ ಹೋಲಿಸಿದರೆ ಮೈಕ್ರೋಫೈಬರ್‌ಗೆ ಇಲ್ಲಿ ಸ್ಪಷ್ಟ ಗೆಲುವು. ಪುಕ್ಕ ಪ್ರೋಟೀನ್ ಆದ್ದರಿಂದ ಪ್ರೋಟಿಯೇಸ್ ಕಿಣ್ವವಿರುವ ಸೋಪು ಅದನ್ನೇ ತಿನ್ನುತ್ತದೆ, ಡ್ರೈಯರ್‌ನಲ್ಲೂ ಗಂಟೆಗಟ್ಟಲೆ ಬೇಕು. ಉಣ್ಣೆಯದ್ದು ಬಿಸಿನೀರಿನ ಉಜ್ಜಾಟಕ್ಕೆ ಕುಗ್ಗಿ ಕಂಬಳಿಯಂತೆ ಗಟ್ಟಿಯಾಗುತ್ತದೆ. ರೇಷ್ಮೆಯದನ್ನು ಮೆಷಿನ್‌ಗೆ ಹಾಕುವ ಯೋಚನೆಯನ್ನೇ ಬಿಡಿ.

ಆದರೆ ಮೈಕ್ರೋಫೈಬರ್ ಪ್ರತಿ ಒಗೆತಕ್ಕೂ ಸ್ವಲ್ಪ ಸ್ವಲ್ಪ ಕುಸಿಯುತ್ತದೆ; ಪುಕ್ಕದ ಹಾಗೆ ಕೊಡವಿದೊಡನೆ ಮತ್ತೆ ಉಬ್ಬುವುದಿಲ್ಲ. ಹಾಗಾಗಿ ವಾರ ಎರಡು ವಾರಕ್ಕೊಮ್ಮೆ ಕವರ್ ಒಗೆದು, ಡುವೆಯನ್ನು ವರ್ಷಕ್ಕೆ ಒಂದೆರಡು ಸಲಕ್ಕೆ ನಿಲ್ಲಿಸಿದರೆ ಸಾಕು. ಮೆಷಿನ್ ದೊಡ್ಡದಿದ್ದು ಒಣಗಿಸಲು ಒಂದು ಪೂರ್ತಿ ಹಗಲು ಸಿಗುವ ಮನೆಗೆ ಧೈರ್ಯವಾಗಿ ಕೊಳ್ಳಬಹುದು. ಒಂದೇ ದೂರು: ಎಷ್ಟೋ ಡುವೆಗಳಿಗೆ ನಾಲ್ಕು ಮೂಲೆಯಲ್ಲಿ ಕವರ್ ಕಟ್ಟುವ ಲಾಡಿ ಇರುವುದೇ ಇಲ್ಲ, ಕವರಿನೊಳಗೆ ಡುವೆ ಕಾಲಬದಿಗೆ ಉಂಡೆಯಾಗಿ ಜಾರುತ್ತದೆ. ಹತ್ತು ಸೆಂಟಿಮೀಟರ್ ಹತ್ತಿ ಲಾಡಿಯನ್ನು ಮಡಿಚಿ, ಅಂಚಿನ ದಪ್ಪ ಹೊಲಿಗೆಗೇ ಸೇರಿಸಿ ಹೊಲಿದುಕೊಳ್ಳಿ. ಫೈಬರ್ ಇರುವ ಜಾಗಕ್ಕೆ ಮಾತ್ರ ಸೂಜಿ ಚುಚ್ಚಬೇಡಿ.