ತಿಪಟೂರು ಕೊಬ್ಬರಿ ಲೋಡು: ‘ಶಾರ್ಟೇಜ್’ ಹೆಸರಲ್ಲಿ ಬ್ಯಾಲೆನ್ಸ್ ನುಂಗ್ತಿದ್ದಾರೆ, ಲಾರಿ ಓನರ್‌ಗಳು ಹುಷಾರು

ಸ್ವಂತ ಲಾರಿ ಇಟ್ಟು ತಾವೇ ಓಡಿಸೋ ಎಲ್ಲರಿಗೂ, ಮುಖ್ಯವಾಗಿ ತುಮಕೂರು, ಗುಬ್ಬಿ, ತಿಪಟೂರು ಕಡೆ ಕೊಬ್ಬರಿ ತುಂಬೋರಿಗೆ ಇದು. ತುಮಕೂರಿನ ಒಂದು ಟ್ರಾನ್ಸ್‌ಪೋರ್ಟ್ ಆಫೀಸು ನಮ್ಮ ಲಾರಿಯ ದೆಹಲಿ ಲೋಡಿನ ಬ್ಯಾಲೆನ್ಸ್, ಅಂದ್ರೆ ಬಾಡಿಗೆಯ ಬಾಕಿ, 19,200 ರೂಪಾಯಿ ಪೂರ್ತಿ ಇಟ್ಕೊಂಡಿದೆ. ಕೊಟ್ಟ ಕಾರಣ: 310 ಕೆ.ಜಿ. ಶಾರ್ಟೇಜ್, ಅಂದ್ರೆ ಮಾಲಿನ ತೂಕ ಅಷ್ಟು ಕಮ್ಮಿ ಅಂತ. ಒಂದು ಚೀಲ ಕಮ್ಮಿ ಇಲ್ಲ, ಒಂದು ಹೊಲಿಗೆ ಬಿಚ್ಚಿಲ್ಲ. ಆ 310 ಕೆ.ಜಿ.ಯಲ್ಲಿ 250 ಕೆ.ಜಿ. ಕೊಬ್ಬರಿಯೇ ಅಲ್ಲ, ಡೀಸೆಲ್! ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ, ಆದ್ರೂ ಬರೀತಿದ್ದೀನಿ. ಇದೇ ಲೆಕ್ಕ ನಾಳೆ ನಿಮಗೂ ಹಾಕ್ತಾರೆ.

ಮಾತಾಗಿದ್ದು ಹೀಗೆ. 10 ಚಕ್ರದ ಲಾರಿ, ಫಿಕ್ಸ್ ಬಾಡಿಗೆ 96,000. ಅಡ್ವಾನ್ಸ್ 80 ಪರ್ಸೆಂಟ್, ಅಂದ್ರೆ 76,800. ಉಳಿದ 19,200 ಪಿಒಡಿ (ಮಾಲು ಮುಟ್ಟಿದೆ ಅಂತ ಸೀಲು, ಸಹಿ ಹಾಕಿದ ಕಾಗದ) ಆಫೀಸಿಗೆ ತಲುಪಿದ ಮೇಲೆ. ಎಲ್ಲ ಕಡೆ ನಡೆಯೋ ಮಾತೇ. ಅಡ್ವಾನ್ಸಲ್ಲೇ ಕಮಿಷನ್ 3,000 ಹಿಡಿದ್ರು, ಲೋಡಿಂಗ್ ಮಾಮೂಲು ಹಿಡಿದ್ರು, ಟಿಡಿಎಸ್ (ದುಡ್ಡು ಕೊಡೋವಾಗಲೇ ಹಿಡಿಯೋ ಆದಾಯ ತೆರಿಗೆ) ಅಂತ 960 ಹಿಡಿದ್ರು. 300 ಲೀಟರ್ ಡೀಸೆಲ್‌ಗೆ ಬಂಕಿನ ಚೀಟಿ ಕೊಟ್ರು, ಉಳಿದದ್ದು ಅಕೌಂಟಿಗೆ.

(ಟಿಡಿಎಸ್ ಬಗ್ಗೆ ಒಂದು ಮಾತು ಇಲ್ಲೇ ಹೇಳ್ತೀನಿ. 10ಕ್ಕಿಂತ ಜಾಸ್ತಿ ಲಾರಿ ಇಲ್ಲದವರು ಪ್ಯಾನ್ ಜೊತೆ ಡಿಕ್ಲರೇಷನ್ ಬರೆದುಕೊಟ್ರೆ ಬಾಡಿಗೆಯಲ್ಲಿ ಟಿಡಿಎಸ್ ಹಿಡಿಯೋ ಹಾಗಿಲ್ಲ. ಹಿಡಿದ್ರೆ ಅದು ಆದಾಯ ತೆರಿಗೆ ಇಲಾಖೆಯಲ್ಲಿರೋ ನಿಮ್ಮ ತೆರಿಗೆ ಲೆಕ್ಕದಲ್ಲಿ (26ಎಎಸ್) ಕಾಣಬೇಕು. ಈ 960 ಅಲ್ಲಿ ಇಲ್ಲ.)

ತಿಪಟೂರಿಂದ ದೆಹಲಿಗೆ ಸುಮಾರು 2,200 ಕಿ.ಮೀ. ಲೀಟರಿಗೆ 4 ಕಿ.ಮೀ. ಬಂದ್ರೂ 550 ಲೀಟರ್ ಬೇಕು. ಲೀಟರಿಗೆ 90 ರೂಪಾಯಿ ಹಿಡಿದ್ರೂ 49,500 ಡೀಸೆಲ್‌ಗೇ ಹೋಯ್ತು. ಅದರ ಮೇಲೆ ಟೋಲು, ಡಿಇಎಫ್ (ಹೊಗೆ ಶುದ್ಧಿಗೆ ಹಾಕೋ ದ್ರವ), ಊಟ, ದಾರಿ ಖರ್ಚು. ಅಡ್ವಾನ್ಸ್ ಅಲ್ಲಿಗೆ ಮುಗೀತು. ಇಎಂಐ ಕಟ್ಟೋದು, ಟೈರಿಗೆ ಎತ್ತಿಡೋದು, ಮನೆಗೆ ಕೊಡೋದು ಎಲ್ಲಾ ಬ್ಯಾಲೆನ್ಸಲ್ಲಿ. ಅವರು ಕೈ ಹಾಕೋದೂ ಅದಕ್ಕೇ.

ಈಗ ತೂಕದ ವಿಷಯ. ದಯವಿಟ್ಟು ಇದನ್ನ ನಿಧಾನವಾಗಿ ಓದಿ.

ಡೀಸೆಲ್ ಚೀಟಿ ಕೊಟ್ಟು ‘ಮೊದಲು ಟ್ಯಾಂಕ್ ತುಂಬಿಸಿ, ಆಮೇಲೆ ಲೋಡಿಗೆ ಹಾಕಿ’ ಅಂದ್ರು. ಲೋಡ್ ಆದ ಮೇಲೆ ವೇಬ್ರಿಡ್ಜಲ್ಲಿ (ಲಾರಿ ಸಮೇತ ತೂಗೋ ಕಾಟಾ) ಒಟ್ಟು ತೂಕ 24,980 ಕೆ.ಜಿ. ಬಂತು. ಖಾಲಿ ಲಾರಿ ತೂಕ ಎಷ್ಟು ಅಂದಾಗ ಆಫೀಸಿನ ಹುಡುಗ ‘ಹಳೇ ಚೀಟಿ ಇದ್ಯಲ್ಲ, ಅದೇ ಹಾಕಿ ಬಿಡಿ’ ಅಂದ. ಹಳೇ ಚೀಟಿಯಲ್ಲಿ 9,480. ಹೀಗೆ ಹಾಕೋದು ಎಲ್ಲ ಕಡೆ ರೂಢಿ, ಎರಡೆರಡು ಸಲ ಕ್ಯೂ ನಿಂತು ಯಾರೂ ತೂಕ ಹಾಕ್ಸಲ್ಲ. ಕಳೆದ್ರೆ ಮಾಲು 15,500 ಕೆ.ಜಿ. ಬಿಲ್ಟಿಯಲ್ಲಿ (ಲೋಡಿನ ಜೊತೆ ಟ್ರಾನ್ಸ್‌ಪೋರ್ಟ್ ಆಫೀಸು ಕೊಡೋ ರಸೀದಿ) ಅದನ್ನೇ ಬರೆದ್ರು.

ಆದ್ರೆ ಹಳೇ ಚೀಟಿ ಟ್ಯಾಂಕ್ ತಳ ಕಂಡಾಗಿನದ್ದು. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತೆ. 300 ಲೀಟರ್ ಅಂದ್ರೆ 250 ಕೆ.ಜಿ. ಆ ದಿನ ಖಾಲಿ ಲಾರಿ ನಿಜವಾದ ತೂಕ 9,730 ಆಗಬೇಕಿತ್ತು. ಹೊಸದಾಗಿ ತುಂಬಿದ 250 ಕೆ.ಜಿ. ಡೀಸೆಲ್ ಕೊಬ್ಬರಿ ಲೆಕ್ಕಕ್ಕೆ ಸೇರಿಹೋಯ್ತು. ದೆಹಲಿಗೆ ಹೋಗೋ ಹೊತ್ತಿಗೆ ಟ್ಯಾಂಕ್ ಮತ್ತೆ ತಳಕ್ಕೆ. ಅಲ್ಲಿ ಒಟ್ಟು ತೂಕ 24,670. ಇಳಿಸಿದ ಕೂಡಲೇ ಖಾಲಿ ತೂಕ ಹಾಕಿದ್ರು, 9,480. ಮಾಲು 15,190.

15,500ರಲ್ಲಿ 15,190 ಕಳೆದ್ರೆ 310. ಮುಗೀತು, ಶಾರ್ಟೇಜ್ ರೆಡಿ.

ನಿಜವಾಗಿ ಕಮ್ಮಿಯಾಗಿದ್ದು 50–60 ಕೆ.ಜಿ. ಅದು ಕಳ್ಳತನ ಅಲ್ಲ. ವೇಬ್ರಿಡ್ಜ್ ಸಾಮಾನ್ಯವಾಗಿ 10 ಕೆ.ಜಿ. ಲೆಕ್ಕದಲ್ಲಿ ತೋರಿಸೋದು, ಒಂದಕ್ಕೂ ಇನ್ನೊಂದಕ್ಕೂ 20–30 ಕೆ.ಜಿ. ಆಚೀಚೆ ಇರುತ್ತೆ. ಉಂಡೆ ಕೊಬ್ಬರಿ ದಾರಿಯಲ್ಲಿ ಒಣಗುತ್ತೆ. ತೇವ ಬರೀ ಒಂದು ಪರ್ಸೆಂಟ್ ಇಳಿದ್ರೂ 15 ಟನ್ನಿಗೆ 150 ಕೆ.ಜಿ. ಹೋಗುತ್ತೆ. ಮಳೆಗಾಲದಲ್ಲಿ ಒದ್ದೆ ಟಾರ್ಪಾಲ್ ಹಾಕಿ ತೂಕ ಮಾಡಿದ್ರೆ ಆ ನೀರೂ ಮಾಲಿನ ಲೆಕ್ಕಕ್ಕೇ ಬರುತ್ತೆ. ಕೊಬ್ಬರಿ ವ್ಯಾಪಾರ ಮಾಡೋ ಎಲ್ಲರಿಗೂ ಇದು ಗೊತ್ತು. ಆಫೀಸಿನವರಿಗೂ ಚೆನ್ನಾಗಿ ಗೊತ್ತು!

ಪಿಒಡಿ ಕೊರಿಯರ್ ತಲುಪೋವರೆಗೂ ಅವರ ಮಾತು ಬೆಣ್ಣೆ. ‘ಅಣ್ಣ, ಒರಿಜಿನಲ್ ಕೈಗೆ ಬಂದ ದಿನವೇ ಹಾಕ್ತೀನಿ.’ ತಲುಪಿದ ಮೇಲೆ, ‘ಅಣ್ಣ, ಪಾರ್ಟಿ ಪೇಮೆಂಟ್ ಬಂದಿಲ್ಲ.’ ಪಾರ್ಟಿ ಅಂದ್ರೆ ಲೋಡ್ ಕೊಟ್ಟ ವ್ಯಾಪಾರಿ. ಆಮೇಲೆ, ‘ಸೋಮವಾರ ನೋಡೋಣ.’ ಆಮೇಲೆ ಫೋನ್ ಎತ್ತಲ್ಲ, ವಾಟ್ಸಾಪಲ್ಲಿ ನೀಲಿ ಟಿಕ್ ಮಾತ್ರ. ಕೊನೆಗೆ ಬಂದ ಮಾತು ಇದು, ಒಂದಕ್ಷರ ಬದಲಾಯಿಸಿಲ್ಲ:

‘310 ಕೆ.ಜಿ. ಕಮ್ಮಿ ಬಂದಿದೆ. ಕೆ.ಜಿ.ಗೆ 240ರ ಲೆಕ್ಕ ಪಾರ್ಟಿ 74,400 ಕೇಳ್ತಿದ್ದಾರೆ. ನಾನೇ ಕೈಕಾಲು ಹಿಡಿದು ನಿಮ್ಮ ಬ್ಯಾಲೆನ್ಸಿಗೆ ಮುಗಿಸಿದ್ದೀನಿ. ಉಳಿದದ್ದು ನನ್ನ ತಲೆ ಮೇಲೆ ಹಾಕ್ಕೊಂಡಿದ್ದೀನಿ ಅಣ್ಣ.’

ಅಂದ್ರೆ ನಮ್ಮ ದುಡ್ಡು ಹೊಡೆದು, ನಾವು ಅವರಿಗೆ ಋಣಿಯಾಗಿರಬೇಕು! ಆ ಮಾತು ಕೇಳಿ ‘ಆಯ್ತು ಅಣ್ಣ, ಉಪಕಾರ ಆಯ್ತು’ ಅಂತ ಹೇಳಿಸ್ಕೊಂಡ್ರಲ್ಲ, ಹೊಟ್ಟೆ ಉರಿಯೋದು ಅದಕ್ಕೆ. 19,200ಕ್ಕಿಂತ ಜಾಸ್ತಿ ಅದಕ್ಕೇ ಉರಿಯುತ್ತೆ.

ಪುರಾವೆ ಕೇಳಿದಾಗ ಪಿಒಡಿ ಜೆರಾಕ್ಸ್ ಕಳಿಸಿದ್ರು. ದೆಹಲಿಯಲ್ಲಿ ಇಳಿಸಿದ ತಕ್ಷಣ ತೆಗೆದ ಫೋಟೋ ಮೊಬೈಲಲ್ಲಿ ಇತ್ತು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಅದೇ ಸೀಲು, ಅದೇ ಸಹಿ, ಅದೇ ಓರೆಯಾಗಿ ಬಿದ್ದ ತಾರೀಖು. ಫೋಟೋದಲ್ಲಿ ಸಹಿ ಕೆಳಗೆ ಖಾಲಿ ಜಾಗ. ಜೆರಾಕ್ಸಲ್ಲಿ ಆ ಖಾಲಿ ಜಾಗದಲ್ಲಿ ದಪ್ಪ ನಿಬ್ಬಿನ ಪೆನ್ನಲ್ಲಿ ‘310 ಕೆ.ಜಿ. ಶಾರ್ಟ್’ ಅಂತ ಒಂದು ಸಾಲು. ಪಿಒಡಿ ಜೊತೆ ಕಳಿಸಿದ್ದ ಎರಡೂ ತೂಕದ ಚೀಟಿ ನೋಡಿ, ಕಳೆದು, ಆಫೀಸಲ್ಲೇ ಕೂತು ಬರೆದಿದ್ದಾರೆ.

ಆ ಎರಡೂ ಹಿಡ್ಕೊಂಡು ತಿಪಟೂರಲ್ಲಿ ಈ ಲೋಡ್ ಕೊಟ್ಟ ಮಂಡಿಗೆ ಹೋದ್ರೆ ಯಜಮಾನ್ರು ಬಿಲ್ ತೆಗೆದ್ರು. ಬಿಲ್ಲಲ್ಲೂ ಇ-ವೇ ಬಿಲ್ಲಲ್ಲೂ (ಮಾಲು ಸಾಗಿಸೋಕೆ ಬೇಕಾದ ಜಿಎಸ್‌ಟಿ ಕಾಗದ) 15,240 ಕೆ.ಜಿ. ಚೀಲ ಚೀಲ ತೂಗಿ ಬರೆದ ಲೆಕ್ಕ. ದೆಹಲಿಯಲ್ಲಿ 15,190 ಬಂದಿದೆ, 50 ಕೆ.ಜಿ. ಕಮ್ಮಿ. ‘ಕೊಬ್ಬರಿ ಒಣಗೋದು ನಮಗೆ ಗೊತ್ತಿಲ್ವೇನಪ್ಪಾ? ನಾವು ಒಂದು ಪೈಸೆ ಹಿಡಿದಿಲ್ಲ. ಬಾಡಿಗೆ 1,08,000 ಪೂರ್ತಿ ಕೊಟ್ಟಾಯ್ತು’ ಅಂದ್ರು.

1,08,000! ನಮಗೆ ಹೇಳಿದ್ದು 96,000. ಮಧ್ಯದ 12,000, ಕಮಿಷನ್ 3,000, ‘ಟಿಡಿಎಸ್’ 960, ಬ್ಯಾಲೆನ್ಸ್ 19,200. ಒಟ್ಟು 35,160, ಆಫೀಸ್ ಕುರ್ಚಿ ಬಿಟ್ಟು ಏಳದೆ. ಮಾರ್ಜಿನ್ ಇಟ್ಕೊಳ್ಳೋದನ್ನ ತಪ್ಪು ಅನ್ನಲ್ಲ, ಬ್ರೋಕರ್ ಕೆಲಸವೇ ಅದು. ಆದ್ರೆ ಪಾರ್ಟಿ ಕೊಟ್ಟ ದುಡ್ಡನ್ನ ಪಾರ್ಟಿ ಹಿಡಿದಿದ್ದಾರೆ ಅಂತ ಸುಳ್ಳು ಹೇಳಿ ಜೇಬಿಗೆ ಹಾಕ್ಕೊಳ್ಳೋದು ಯಾವ ವ್ಯವಹಾರ?

ಇಷ್ಟು ಹೇಳಿದ ಮೇಲೆ ಆಫೀಸಿನ ಉತ್ತರ: ‘ಮಂಡಿಗೆ ಯಾಕೆ ಹೋದ್ರಿ? ಪಾರ್ಟಿ ನಮ್ಮದು. ಇನ್ನು ಮುಂದೆ ತುಮಕೂರಲ್ಲಿ ನಿಮಗೆ ಯಾರು ಲೋಡ್ ಕೊಡ್ತಾರೆ ನೋಡ್ತೀನಿ.’ ‘ಅಣ್ಣ’ ಅನ್ನೋದು ಅಲ್ಲಿಗೆ ನಿಂತುಹೋಯ್ತು. ಪೊಲೀಸ್ ಸ್ಟೇಷನ್‌ನಲ್ಲಿ ‘ಇದು ಸಿವಿಲ್ ಮ್ಯಾಟರ್’ ಅಂದ್ರು. ಈಗ ವಕೀಲರ ಕಡೆಯಿಂದ ನೋಟಿಸ್ ಹೋಗಿದೆ, ಫೋಟೋ ಮತ್ತು ಜೆರಾಕ್ಸ್ ಎರಡನ್ನೂ ಲಗತ್ತಿಸಿ.

ಲೋಡ್ ಮಾಡೋ ಮೊದಲು ಅದೇ ದಿನ, ಅದೇ ವೇಬ್ರಿಡ್ಜಲ್ಲಿ, ಟ್ಯಾಂಕ್ ತುಂಬಿಸಿದ ಮೇಲೆಯೇ ಖಾಲಿ ತೂಕ ಹಾಕ್ಸಿ. ಹಳೇ ಚೀಟಿ ಬೇಡ, ಆರ್‌ಸಿಯಲ್ಲಿರೋ ತೂಕವೂ ಬೇಡ. ಆಮೇಲೆ ಇ-ವೇ ಬಿಲ್ಲಿನ ತೂಕ ಮತ್ತು ಚೀಟಿಯ ತೂಕ ಪಕ್ಕ ಇಟ್ಟು ನೋಡಿ. ಇಲ್ಲಿ 260 ಕೆ.ಜಿ. ವ್ಯತ್ಯಾಸ ತಿಪಟೂರು ಬಿಡೋ ಮೊದಲೇ ಕಾಗದದಲ್ಲಿ ಕೂತಿತ್ತು. ಬಿಲ್ಟಿಯಲ್ಲಿ ಚೀಲದ ಸಂಖ್ಯೆ, ಇ-ವೇ ಬಿಲ್ ತೂಕ, ಬ್ಯಾಲೆನ್ಸ್ ಮೊತ್ತ, ಅದನ್ನ ಯಾರು ಕೊಡಬೇಕು ಅನ್ನೋದು ನಾಲ್ಕೂ ಬರೆಸ್ಕೊಳ್ಳಿ. ವಾಟ್ಸಾಪ್ ಮೆಸೇಜ್ ನಂಬ್ಕೊಂಡು ಗಾಡಿ ಎತ್ತಬೇಡಿ. ಇಳಿಸಿದ ಕಡೆ ‘ಚೀಲ ಪೂರ್ತಿ ಬಂದಿದೆ’ ಅಂತ ಸಹಿಯ ಮೇಲೆ ಬರೆಸಿ, ಸಹಿ ಕೆಳಗಿನ ಖಾಲಿ ಜಾಗಕ್ಕೆ ಅಡ್ಡಗೆರೆ ಹೊಡೆಸಿ, ಎರಡೂ ಮಗ್ಗುಲು ಫೋಟೋ ತೆಗೆದು ಆಮೇಲೆ ಒರಿಜಿನಲ್ ಕಳಿಸಿ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡೋ ನೋಂದಣಿ) ಇಲ್ಲದವರು ಮಾಡಿಸಿಟ್ಕೊಳ್ಳಿ. ಸಣ್ಣ ಉದ್ಯಮಕ್ಕೆ 45 ದಿನದೊಳಗೆ ದುಡ್ಡು ಕೊಡಲೇಬೇಕು ಅಂತ 2006ರ ಕಾಯ್ದೆ ಇದೆ. ಕೊಡದಿದ್ರೆ ಸರ್ಕಾರದ ಎಂಎಸ್‌ಎಂಇ (ಸಣ್ಣ ಉದ್ಯಮ) ಪೋರ್ಟಲ್‌ನಲ್ಲಿ ದೂರು ಹಾಕಬಹುದು, ಆದ್ರೆ ನೋಂದಣಿ ಲೋಡಿಗಿಂತ ಮೊದಲೇ ಇದ್ರೆ ಒಳ್ಳೇದು.

ಕೊಬ್ಬರಿ ಲೋಡಲ್ಲಿ ಈಗಾಗಲೇ ಬ್ಯಾಲೆನ್ಸ್ ಕಟ್ ಮಾಡಿಸ್ಕೊಂಡಿರೋರು ಇವತ್ತೇ ಎರಡೂ ತೂಕದ ಚೀಟಿ ಹುಡುಕಿ. ವ್ಯತ್ಯಾಸ 200–300 ಕೆ.ಜಿ. ಇದ್ರೆ ಆ ದಿನ ಎಷ್ಟು ಲೀಟರ್ ತುಂಬಿಸಿದ್ರಿ ಅಂತ ಬಂಕಿನ ಬಿಲ್ ನೋಡಿ, 0.83ರಿಂದ ಗುಣಿಸಿ. ಲೆಕ್ಕ ಕೂಡಿಬಂದ್ರೆ ನೇರ ಮಂಡಿಗೆ ಹೋಗಿ, ‘ಬಾಡಿಗೆಯಲ್ಲಿ ಏನಾದ್ರೂ ಹಿಡಿದಿದ್ದೀರಾ’ ಅಂತ ಕೇಳಿ. ಆಫೀಸಿಗೆ ಫೋನ್ ಮಾಡೋದು ಆಮೇಲೆ.